ಆ 'ಕೃಷ್ಣಾ' ಮೊದಲಿನದ್ದು

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ಇನ್ನೂ ಎರಡನೇ ಕಾಫಿ ಆಗಿರಲಿಲ್ಲ, ಫೋನು ಬಂತು. ಡೊಂಬಿವಲಿಯಲ್ಲಿದ್ದ ನಮ್ಮ ಮಾಸ್ಟ್ರ ಮಗ. ಈಗ ಅವನಿರೋದು ಅಮೆರಿಕದಲ್ಲಿ. "ಅಂಕಲ್, ಅಪ್ಪನ ಕರ್ಣಭೇದನ ನಿಮ್ಮ ಹತ್ರ ಇದೆ ಅಂತ ಅಮ್ಮ ಹೇಳ್ತಿದ್ರು. ಮಗನಿಗೆ ತಾಳಮದ್ದಲೆ ಹುಚ್ಚು ಹತ್ತಿದೆ, ಅಜ್ಜನ ಅರ್ಥ ಕೇಳ್ಬೇಕಂತೆ. ಒರಿಜಿನಲ್ ಇದೆಯಲ್ವಾ?"

"ಇದೆ ಇದೆ, ಹುಡುಕಿ ಕಳಿಸ್ತೀನಿ" ಅಂದೆ.

ಫೋನ್ ಇಟ್ಟ ಮೇಲೆ ಕಾಫಿ ರುಚಿಸಲಿಲ್ಲ. ಯಾಕಂದ್ರೆ ಒರಿಜಿನಲ್ ಇಲ್ಲ, ಮತ್ತು ಅದು ಇಲ್ಲದಂತೆ ಮಾಡಿದವನು ನಾನೇ. ಕಳ್ಳತನ ಆಗಿಲ್ಲ, 2005ರ ಜುಲೈ 26ರ ಮಳೆಯಂಥದ್ದೇನೂ ಬಂದು ಕೊಚ್ಚಿಕೊಂಡು ಹೋಗಿಲ್ಲ. ಒಂದು ಕಂಟ್ರೋಲ್ ಎಕ್ಸ್, ಒಂದು ಕಂಟ್ರೋಲ್ ವಿ. ಅಷ್ಟೇ. ಇವತ್ತು ಅದನ್ನೇ ಬರೆದು ಹಗುರಾಗೋಣ ಅಂತ ಕೂತಿದ್ದೇನೆ. ಜೊತೆಗೆ ಮನೆಯಲ್ಲಿ ಹಿರಿಯರ ಧ್ವನಿ ಇಟ್ಟುಕೊಂಡಿರೋ ನಿಮಗೆ ಒಂದು ಮಾತು ಹೇಳೋದೂ ಇದೆ.

ಮೊದಲು ಮಾಸ್ಟ್ರ ಬಗ್ಗೆ. ನಾನು ಊರು ಬಿಟ್ಟು ಮುಂಬಯಿಗೆ ಬಂದದ್ದು 1974ರಲ್ಲಿ, ಹದಿನೇಳು ವರ್ಷದ ಹುಡುಗ. ಹಗಲು ಹೋಟೆಲಿನಲ್ಲಿ ಕೆಲಸ, ಸಂಜೆ ಕನ್ನಡ ರಾತ್ರಿ ಶಾಲೆ. ಆ ಕಾಲದಲ್ಲಿ ನಮ್ಮಂಥ ಎಷ್ಟೋ ಹುಡುಗರು ಓದಿದ್ದು ಹಾಗೆಯೇ. ಅಲ್ಲಿ ಕನ್ನಡ ಪಾಠ ಮಾಡುತ್ತಿದ್ದವರು ಇವರು. ಹಗಲು ಅವರಿಗೂ ಬೇರೆ ನೌಕರಿ ಇತ್ತು. ತೂಕಡಿಸುವ ಹುಡುಗರನ್ನು ಎಬ್ಬಿಸೋದಕ್ಕೆ ಬೆತ್ತ ಹಿಡಿದವರಲ್ಲ. ಇದ್ದಕ್ಕಿದ್ದಂತೆ ದುರ್ಯೋಧನನ ದನಿಯಲ್ಲಿ "ಏನು, ನಿದ್ದೆಯೋ?" ಅಂತ ಗರ್ಜಿಸುತ್ತಿದ್ದರು. ಇಡೀ ಕ್ಲಾಸಿಗೆ ಎಚ್ಚರ! ಆಮೇಲೆ ನನಗೆ ಬ್ಯಾಂಕು ಸಿಕ್ಕಿತು, ಮದುವೆ ಆಯಿತು, ಹಾರ್ಬರ್ ಲೈನು ವಾಶಿ ಖಾಡಿ ದಾಟಿ ಬೇಲಾಪುರಕ್ಕೆ ಬಂದ ಮರುವರ್ಷ, 1994ರಲ್ಲಿ, ನಾವೂ ಇಲ್ಲಿಗೆ ಬಂದೆವು. ಮಾಸ್ಟ್ರು ಡೊಂಬಿವಲಿಯಲ್ಲಿ ಮನೆ ಮಾಡಿದ್ದರು. ನಿವೃತ್ತರಾದ ಮೇಲೂ ಎಲ್ಲಿ ತಾಳಮದ್ದಲೆ ಇದ್ದರೂ ಹೋಗಿ ಅರ್ಥ ಹೇಳುತ್ತಿದ್ದರು.

2009ರ ಡಿಸೆಂಬರಿನಲ್ಲಿ ನೆರೂಳಿನ ಒಂದು ಸಭಾಗೃಹದಲ್ಲಿ ಕರ್ಣಭೇದನ ಇತ್ತು. ಮಾಸ್ಟ್ರದ್ದು ಕರ್ಣ. ನನಗೆ ಆಗಷ್ಟೇ ಈ ರೆಕಾರ್ಡಿಂಗ್ ಹುಚ್ಚು ಶುರುವಾಗಿತ್ತು. ಹೊಸ ಡಿಜಿಟಲ್ ರೆಕಾರ್ಡರ್ ಕೊಂಡಿದ್ದೆ. ಧ್ವನಿವರ್ಧಕದ ಹುಡುಗನ ಕೈಕಾಲು ಹಿಡಿದು ಎರಡು ವಯರು ಪಡೆದೆ. ಎಡ ಚಾನೆಲ್ಲಿಗೆ ಭಾಗವತರು, ಚೆಂಡೆ ಮದ್ದಳೆ ಮತ್ತು ಕೃಷ್ಣ. ಬಲ ಚಾನೆಲ್ಲಿಗೆ ಕರ್ಣ ಒಬ್ಬನೇ. ಎರಡೂವರೆ ಗಂಟೆಯ ಕಾರ್ಯಕ್ರಮ. ಮನೆಗೆ ಬಂದು ಕಂಪ್ಯೂಟರಿಗೆ ಇಳಿಸಿದೆ.

ಇನ್ನು ಸಂಕಲನ. ನಾನು ಬಳಸಿದ್ದು ಆಡಾಸಿಟಿ. ಬಿಟ್ಟಿ ತಂತ್ರಾಂಶ, ಆದರೆ ಬಲು ಸಮರ್ಥ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಝೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಶುರುಮಾಡಿದ್ದು, 2000ನೇ ಇಸವಿಯಲ್ಲಿ ಜನರ ಕೈಗೆ ಬಂತು. ನೋಡಿದವರಿಗೆ ಗೊತ್ತು, ಧ್ವನಿ ಅಲ್ಲಿ ನೀಲಿ ಬಣ್ಣದ ಏರಿಳಿತದ ಪಟ್ಟಿಯಾಗಿ ಕಾಣುತ್ತದೆ. ಒಂದೊಂದು ಪಟ್ಟಿ ಒಂದೊಂದು ಟ್ರ್ಯಾಕ್. ಮೌಸಿನಿಂದ ಗೆರೆ ಎಳೆದು ಒಂದು ತುಂಡನ್ನು ಆರಿಸಬಹುದು, ನಕಲು ಮಾಡಬಹುದು, ಕತ್ತರಿಸಬಹುದು, ಇನ್ನೊಂದು ಟ್ರ್ಯಾಕಿನಲ್ಲಿ ಅಂಟಿಸಬಹುದು. ಎರಡು ಬಾಣದ ಒಂದು ಉಪಕರಣ ಇತ್ತು. ಅದನ್ನು ಹಿಡಿದು ತುಂಡನ್ನು ಹಿಂದೆ ಮುಂದೆ, ಮೇಲೆ ಕೆಳಗೆ ಜಾರಿಸಬಹುದಿತ್ತು. (2021ರಲ್ಲಿ ಬಂದ 3.1 ಆವೃತ್ತಿಯಲ್ಲಿ ಅದನ್ನು ತೆಗೆದರು. ಈಗ ತುಂಡಿನ ತಲೆ ಹಿಡಿದೇ ಎಳೆಯೋದು.) ಬ್ಯಾಂಕಿನ ಲೆಡ್ಜರಿನಲ್ಲಿ ಮೂವತ್ತು ವರ್ಷ ಒಂದು ಅಂಕಿಯನ್ನೂ ಆಚೀಚೆ ಮಾಡುವ ಸ್ವಾತಂತ್ರ್ಯ ಇಲ್ಲದ ನನಗೆ ಇದು ಸ್ವರ್ಗವಾಗಿ ಕಂಡಿತು :)

ಎರಡು ತಿಂಗಳು ಕೂತೆ. ಕೆಮ್ಮು ತೆಗೆದೆ. ಕುರ್ಚಿ ಎಳೆದ ಸದ್ದು ತೆಗೆದೆ. ಆಮೇಲೆ ಆ ಜಾಗ ಬಂತು. ನಿಮಗೆ ಗೊತ್ತಿರೋದೇ. ಸಂಧಾನ ಮುರಿದ ಮೇಲೆ ಕೃಷ್ಣ ಕರ್ಣನನ್ನು ಒಂಟಿಯಾಗಿ ಕರೆದು, ನೀನು ಸೂತಪುತ್ರನಲ್ಲ, ಕುಂತಿಯ ಮೊದಲ ಮಗ ಅಂತ ಹೇಳುತ್ತಾನೆ. ಹೇಳಿದ ಮೇಲೆ ನಮ್ಮ ಕರ್ಣ ಮಾತಾಡಲಿಲ್ಲ. ನೀಲಿ ಪಟ್ಟಿ ಸಪಾಟು ಗೆರೆ. ಆರಿಸಿ ನೋಡಿದೆ, ಹನ್ನೊಂದು ಸೆಕೆಂಡು. ಅದಾದ ಮೇಲೆ "ಕೃಷ್ಣಾ" ಅಂದರು. ಅದೂ ಅರ್ಧ ದನಿ, ಒಡೆದ ದನಿ. ಮಾಸ್ಟ್ರಿಗೆ ಆಗಲೇ ಅರವತ್ತೆಂಟು. ಪಾಪ, ಗಂಟಲು ಕೈಕೊಟ್ಟಿದೆ ಅಂದುಕೊಂಡೆ.

ಹನ್ನೊಂದು ಸೆಕೆಂಡಿನಲ್ಲಿ ಹತ್ತನ್ನು ಎರಡೂ ಟ್ರ್ಯಾಕಿನಿಂದ ಕತ್ತರಿಸಿದೆ. ಆ ಒಡೆದ 'ಕೃಷ್ಣಾ' ಬೇಡ ಅಂತ, ಪ್ರಸಂಗದ ಶುರುವಿನಲ್ಲಿ ಅವರು ಕೃಷ್ಣನನ್ನು ಗತ್ತಿನಿಂದ ಕರೆದ ಒಂದು ಸ್ಪಷ್ಟ 'ಕೃಷ್ಣಾ' ಹುಡುಕಿ, ನಕಲು ಮಾಡಿ, ಕರ್ಣನ ಟ್ರ್ಯಾಕಿನಲ್ಲಿ ಆ ಜಾಗಕ್ಕೆ ಕೂರಿಸಿದೆ. ಅಂಚುಗಳನ್ನು ನಯ ಮಾಡಿದೆ. ಹೊಲಿಗೆ ಕಾಣಲೇ ಇಲ್ಲ. ಹೆಂಡತಿಯನ್ನು ಕರೆದು ಕೇಳಿಸಿ ಬೆನ್ನು ತಟ್ಟಿಸಿಕೊಂಡೆ.

2010ರ ಫೆಬ್ರವರಿಯಲ್ಲಿ ಎಂಪಿಥ್ರೀ ಮಾಡಿ ಸಿಡಿಗೆ ಹಾಕಿ, ಇಲ್ಲಿಂದ ಠಾಣೆ, ಅಲ್ಲಿಂದ ಇನ್ನೊಂದು ಗಾಡಿ ಹಿಡಿದು ಡೊಂಬಿವಲಿಗೆ ಹೋದೆ. ಮಾಸ್ಟ್ರು ಕಣ್ಣು ಮುಚ್ಚಿಕೊಂಡು ಕೇಳುತ್ತಾ ಕೂತರು. ಒಂದು ಗಂಟೆಯ ಮೇಲೆ ಆ ಜಾಗ ಬಂತು. ಕಣ್ಣು ತೆರೆದರು.

"ಇದು ಯಾರು?"

"ನೀವೇ ಮಾಸ್ಟ್ರೇ."

"ಅಲ್ಲ ಮಾರಾಯ. ಆ 'ಕೃಷ್ಣಾ' ಮೊದಲಿನದ್ದು. ಆಗ ಅವನಿಗೆ ತಾಯಿ ಯಾರೂಂತ ಗೊತ್ತಿರ್ಲಿಲ್ಲ."

ನಾನು ಗಂಟಲಿನ ವಿಷಯ ಹೇಳಿದೆ. ಅವರು ನಕ್ಕರು. "ಗಂಟಲು ಸರಿಯಾಗಿಯೇ ಇತ್ತು. ಕರ್ಣನದ್ದು ಹೋಗಿತ್ತು." ಸ್ವಲ್ಪ ಹೊತ್ತು ಬಿಟ್ಟು, "ಮಧ್ಯೆ ನಾನು ಸುಮ್ಮನೆ ಕೂತಿದ್ದೆನಲ್ಲ, ಅದೆಲ್ಲಿ ಹೋಯ್ತು?" ಅಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವರ ಹೆಂಡತಿ ಅವಲಕ್ಕಿ ತಂದಿಟ್ಟರು, ಮಾತು ಬೇರೆ ಕಡೆ ಹೋಯಿತು. ಹೊರಡುವಾಗ "ಸರಿ ಮಾಡಿ ತರ್ತೀನಿ" ಅಂದೆ.

ತರಲಿಲ್ಲ. ತರುವ ಹಾಗೆಯೇ ಇರಲಿಲ್ಲ. ರೆಕಾರ್ಡರಿನ ಕಾರ್ಡನ್ನು ಮುಂದಿನ ಕಾರ್ಯಕ್ರಮಕ್ಕೆ ಅಂತ ಖಾಲಿ ಮಾಡಿದ್ದೆ. ಕಂಪ್ಯೂಟರಿಗೆ ಇಳಿಸಿದ್ದ ಮೂಲ ಫೈಲು ಒಂದೂವರೆ ಜೀಬಿಗೂ ಮೇಲೆ. ಎಲ್ಲ ಆಡಾಸಿಟಿ ಪ್ರಾಜೆಕ್ಟಿನಲ್ಲಿ ಇದೆಯಲ್ಲ ಅಂತ ಅದನ್ನೂ ಅಳಿಸಿದ್ದೆ. ಪ್ರಾಜೆಕ್ಟಿನಲ್ಲಿ ಇದ್ದದ್ದು ಕತ್ತರಿಸಿದ ಮೇಲೆ ಉಳಿದದ್ದು ಮಾತ್ರ. ಹಿಂದಿನ ಹೆಜ್ಜೆಗೆ ಮರಳುವ 'ಅನ್‌ಡೂ' ಇದೆಯಲ್ಲ, ಅದು ಪ್ರಾಜೆಕ್ಟು ಮುಚ್ಚುವ ತನಕ ಮಾತ್ರ. ಉಳಿಸಿ ಮುಚ್ಚಿದ ಮೇಲೆ ಆ ಚರಿತ್ರೆಯೆಲ್ಲ ಹೋಗುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ ನನ್ನ ಜಾಣತನ. 2011ರಲ್ಲಿ ಕಂಪ್ಯೂಟರ್ ಬದಲಿಸಿದಾಗ ಪ್ರಾಜೆಕ್ಟಿನ ಡಾಟ್ ಎಯುಪಿ ಫೈಲನ್ನು ಜೋಪಾನವಾಗಿ ನಕಲು ಮಾಡಿಟ್ಟುಕೊಂಡೆ. ಆಗಿನ ಆವೃತ್ತಿಗಳಲ್ಲಿ ಆ ಫೈಲು ಬರೀ ವಿಳಾಸಪಟ್ಟಿ. ನಿಜವಾದ ಧ್ವನಿ ಇದ್ದದ್ದು ಅದೇ ಹೆಸರಿನ ಪಕ್ಕದ 'ಡೇಟಾ' ಫೋಲ್ಡರಿನಲ್ಲಿ, ಸಣ್ಣ ಸಣ್ಣ ತುಂಡುಗಳಾಗಿ. ಅದನ್ನು ನಾನು ತರಲೇ ಇಲ್ಲ. (2021ರ ಮಾರ್ಚಿನಲ್ಲಿ ಬಂದ 3.0ರಿಂದ ಎಲ್ಲವೂ ಒಂದೇ ಫೈಲಿನೊಳಗೆ ಇರುತ್ತದೆ. ನನ್ನಂಥವರು ತುಂಬಾ ಜನ ಇದ್ದಿರಬೇಕು!) ಮಗನ ಫೋನು ಬಂದ ದಿನ ಹಳೇ ಲ್ಯಾಪ್‌ಟಾಪಿನಲ್ಲಿ, ಹಳೇ ಆವೃತ್ತಿಯಲ್ಲಿ ಅದನ್ನು ತೆರೆದೆ. ಧ್ವನಿಯ ತುಂಡುಗಳು ಕಾಣೆಯಾಗಿವೆ, ಆ ಜಾಗದಲ್ಲೆಲ್ಲ ಮೌನವನ್ನು ಇಡಲೇ ಅಂತ ತಂತ್ರಾಂಶ ಕೇಳಿತು. ನಿಜ ಹೇಳ್ತೀನಿ, ನಗು ಬಂತು, ಆಮೇಲೆ ನಗು ನಿಂತಿತು. ಅವರ ಹತ್ತು ಸೆಕೆಂಡಿನ ಮೌನವನ್ನು ಕಿತ್ತು ಬಿಸಾಡಿದವನಿಗೆ ಈಗ ಎರಡೂವರೆ ಗಂಟೆಯ ಮೌನ ಕೊಡ್ತೀನಿ ಅಂತಿದೆ!

ಮಾಸ್ಟ್ರು 2016ರಲ್ಲಿ ತೀರಿಕೊಂಡರು.

ಇದನ್ನು ಬರೆಯುತ್ತಿರುವುದು ನನ್ನೊಬ್ಬನ ಪಶ್ಚಾತ್ತಾಪಕ್ಕಲ್ಲ. ಈ ಕೆಲಸ ಈಗ ಎಲ್ಲರ ಮನೆಯಲ್ಲೂ ನಡೀತಿದೆ. ಹಳೇ ಕ್ಯಾಸೆಟ್ಟು, ಅಜ್ಜಿಯ ಹಾಡು, ಸಂಘದ ಭಾಷಣ, ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ 'ಕ್ಲೀನ್' ಮಾಡಿ ವಾಟ್ಸಪ್ಪಿಗೆ ಬಿಡುವುದು. ಹಾಗೆ ಮಾಡುವ ಹುಡುಗರು ನನಗಿಂತ ಚುರುಕು. ನನಗಿಂತ ಬೇಗ ತಪ್ಪು ಮಾಡಬಲ್ಲರು.

ಟೇಪಿನ ಕಾಲದಲ್ಲಿ ಹೀಗಿರಲಿಲ್ಲ. ಮಲ್ಲಿಕಾರ್ಜುನ ಮನ್ಸೂರರೂ ಗಂಗೂಬಾಯಿ ಹಾನಗಲ್ಲರೂ 1930ರ ದಶಕದಲ್ಲಿ 78ರ ತಟ್ಟೆಗಳಿಗೆ ಹಾಡಿದಾಗ ಒಂದು ಬದಿಗೆ ಮೂರು ಮೂರೂವರೆ ನಿಮಿಷ. ಹಾಡಿದ್ದು ಹಾಡಿದಂತೆ. ತಪ್ಪಿದರೆ ಮತ್ತೆ ಮೊದಲಿಂದ. ಮ್ಯಾಗ್ನೆಟಿಕ್ ಟೇಪು ಬಂದ ಮೇಲೆ ಆಕಾಶವಾಣಿಯಂಥ ಕಡೆ ಬ್ಲೇಡಿನಿಂದ ಟೇಪನ್ನೇ ಕೊಯ್ದು ಅಂಟಿಸುತ್ತಿದ್ದರು. ಕೊಯ್ಯುವ ಮುಂಚೆ ಕೈ ಒಂದು ಕ್ಷಣ ತಡೆಯುತ್ತಿತ್ತು. ಕೊಯ್ದ ತುಂಡು ಕಣ್ಣೆದುರು ಮೇಜಿನ ಮೇಲೆ ಬಿದ್ದಿರುತ್ತಿತ್ತು. ಒಂದು ಟ್ರ್ಯಾಕಿನಿಂದ ಇನ್ನೊಂದಕ್ಕೆ ನಕಲು ಮಾಡಿದರೂ ದಂಡ ಕಟ್ಟಬೇಕಿತ್ತು, ಪ್ರತಿ ನಕಲಿಗೂ ಸರಸರ ಸದ್ದು ಹೆಚ್ಚುತ್ತಿತ್ತು. ಬೀಟಲ್ಸ್ ತಂಡ 1967ರಲ್ಲಿ ನಾಲ್ಕೇ ಟ್ರ್ಯಾಕಿನ ಯಂತ್ರದಲ್ಲಿ ಸಾರ್ಜೆಂಟ್ ಪೆಪ್ಪರ್ ಮಾಡಿದಾಗ, ನಾಲ್ಕು ತುಂಬಿದೊಡನೆ ಅವನ್ನು ಕೂಡಿಸಿ ಇನ್ನೊಂದು ಯಂತ್ರಕ್ಕೆ ಇಳಿಸಬೇಕಿತ್ತು. ಕೂಡಿಸಿದ್ದನ್ನು ಮತ್ತೆ ಬಿಡಿಸುವ ಹಾಗಿರಲಿಲ್ಲ. ಹಾಗಾಗಿ ಯೋಚಿಸಿಯೇ ಮಾಡುತ್ತಿದ್ದರು.

ಈಗ ನಕಲಿಗೆ ಖರ್ಚಿಲ್ಲ, ಸದ್ದೂ ಹೆಚ್ಚುವುದಿಲ್ಲ. ಒಳ್ಳೆಯದೇ. ಆದರೆ ಖರ್ಚಿಲ್ಲದ ಕಡೆ ಯೋಚನೆಯೂ ಇಲ್ಲ. ಪರದೆಯ ಮೇಲೆ ಎಲ್ಲ ತುಂಡುಗಳೂ ಒಂದೇ ನೀಲಿ. ಈ 'ಕೃಷ್ಣಾ'ಗೂ ಆ 'ಕೃಷ್ಣಾ'ಗೂ ನಡುವೆ ಒಬ್ಬ ಮನುಷ್ಯನ ಇಡೀ ಬದುಕು ತಲೆಕೆಳಗಾಗಿದೆ ಅಂತ ತಂತ್ರಾಂಶಕ್ಕೆ ಹೇಗೆ ಗೊತ್ತಾಗಬೇಕು?

ತಾಳಮದ್ದಲೆಯಲ್ಲಂತೂ ಇದು ಇನ್ನೂ ಗಂಭೀರ. ವೇಷ ಇಲ್ಲ, ಕುಣಿತ ಇಲ್ಲ, ಇರೋದು ದನಿ ಮಾತ್ರ. ಪ್ರಸಂಗದ ಪದ್ಯಗಳು ಅಚ್ಚಾಗಿವೆ. ಅರ್ಥ ಎಲ್ಲೂ ಬರೆದಿಟ್ಟದ್ದಲ್ಲ, ಆ ರಾತ್ರಿ ಆ ಎದುರಾಳಿಯ ಎದುರು ಹುಟ್ಟಿದ ಮಾತು. ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ಹೋದರು, ಕುಂಬಳೆ ಸುಂದರ ರಾಯರು 2022ರಲ್ಲಿ. ಅವರು ಹೇಗೆ ಅರ್ಥ ಹೇಳುತ್ತಿದ್ದರು ಅಂತ ನಮ್ಮ ಮೊಮ್ಮಕ್ಕಳಿಗೆ ಗೊತ್ತಾಗಬೇಕಾದ್ದು ಧ್ವನಿಮುದ್ರಣಗಳಿಂದಲೇ. ಅಂದರೆ ರೆಕಾರ್ಡಿಂಗೇ ಇಲ್ಲಿ ಮೂಲಗ್ರಂಥ. ಗ್ರಂಥದಲ್ಲಿ ಒಂದು ಶ್ಲೋಕ ಎತ್ತಿ ಇನ್ನೊಂದು ಕಡೆ ಹಾಕಿದರೆ ಪಂಡಿತರು ಗಲಾಟೆ ಮಾಡುತ್ತಾರೆ. ಇಲ್ಲಿ ಮಾಡಿದರೆ 'ಎಡಿಟಿಂಗ್ ಸೂಪರ್' ಅಂತಾರೆ!

"ಎರಡೂವರೆ ಗಂಟೆ ಈಗ ಯಾರು ಕೇಳ್ತಾರೆ ಅಪ್ಪ, ಎಡಿಟ್ ಮಾಡ್ಲೇಬೇಕು" ಅಂತಾನೆ ನನ್ನ ಮಗ. ಒಪ್ಪುತ್ತೇನೆ. ನಮ್ಮ ಬೇಲಾಪುರದ ಸೆಕ್ಟರ್ 8ರಲ್ಲಿ ಆರ್ಟಿಸ್ಟ್ ವಿಲೇಜ್ ಇದೆ, ಬೆಳಿಗ್ಗೆ ನಾನು ನಡೆಯಲು ಹೋಗೋದು ಅಲ್ಲಿಗೇ. ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ವಿನ್ಯಾಸ ಮಾಡಿದ್ದು. ಅಂಗಳದ ಸುತ್ತ ಪುಟ್ಟ ಪುಟ್ಟ ಮನೆಗಳು, ಸಂಸಾರ ಬೆಳೆದಂತೆ ಮನೆಯೂ ಬೆಳೆಯಲಿ ಅನ್ನುವ ಯೋಚನೆ. ಜನ ಬೆಳೆಸಿದರು, ಒಡೆದು ಕಟ್ಟಿದರು. ಈಗ ಹಳೇ ರೂಪದ ಮನೆ ಕಾಣಬೇಕಾದರೆ ಹುಡುಕಬೇಕು. ಅಲ್ಲಿರುವವರನ್ನು ನಾನು ದೂರುವುದಿಲ್ಲ, ಮನೆ ಇರೋದು ಬಾಳೋದಕ್ಕೆ. ಆದರೆ ಕೊರಿಯಾರ ನಕ್ಷೆಗಳು ಪುಸ್ತಕಗಳಲ್ಲಿ ಹಾಗೇ ಇವೆ. ಮನೆ ಬದಲಾಯಿತು, ನಕ್ಷೆ ಉಳಿಯಿತು. ನನ್ನ ಹತ್ತಿರ ಮನೆಯೂ ಇಲ್ಲ, ನಕ್ಷೆಯೂ ಇಲ್ಲ.

ಹಾಗಾಗಿ ನನ್ನ ವಾದ ಇಷ್ಟೇ. ಸಂಕಲನ ಮಾಡಿ, ಆದರೆ ನಕಲಿನ ಮೇಲೆ ಮಾಡಿ. ಮೂಲ ಫೈಲನ್ನು ಎರಡು ಬೇರೆ ಕಡೆ ಇಟ್ಟ ಮೇಲೆಯೇ ತಂತ್ರಾಂಶ ತೆರೆಯಿರಿ. ಸಿಡಿ ಗುಣಮಟ್ಟದ ವೇವ್ ಫೈಲು ನಿಮಿಷಕ್ಕೆ ಹತ್ತು ಎಂಬಿ ಚಿಲ್ಲರೆ. 700 ಎಂಬಿಯ ಸಿಡಿಗೆ ಹಿಡಿಯಲ್ಲ ಅಂತ ಆಗ ನಾನು ನೆಪ ಹೇಳಬಹುದಿತ್ತು, ಇವತ್ತು ಬೆರಳುಗಾತ್ರದ ಪೆನ್‌ಡ್ರೈವಿಗೆ ಅದು ಯಾವ ಲೆಕ್ಕ? ಆಮೇಲೆ ಟ್ರ್ಯಾಕನ್ನು ಪೂರ್ತಿ ಆರಿಸಿ ಕಂಟ್ರೋಲ್ ಡಿ ಒತ್ತಿ. ಅದರದ್ದೇ ಪ್ರತಿ ಕೆಳಗೆ, ಅದೇ ಸಮಯಕ್ಕೆ ಸರಿಯಾಗಿ ಬರುತ್ತದೆ. ಮೇಲಿನದನ್ನು ಮ್ಯೂಟ್ ಮಾಡಿ, ಮುಟ್ಟಬೇಡಿ. ಕೆಳಗಿನದರ ಮೇಲೆ ಏನು ಬೇಕೋ ಮಾಡಿ.

ಕತ್ತರಿಸಬೇಕಾದರೆ ಒಂದು ಗಮನಿಸಿ. ಕಂಟ್ರೋಲ್ ಎಕ್ಸ್ ಒತ್ತಿದರೆ ತುಂಡು ಹೋಗುವುದು ಮಾತ್ರವಲ್ಲ, ಅದರ ಬಲಗಡೆಯ ಧ್ವನಿ ಎಡಕ್ಕೆ ಸರಿದು ಖಾಲಿ ಜಾಗ ಮುಚ್ಚಿಹೋಗುತ್ತದೆ. ಎರಡು ಟ್ರ್ಯಾಕಿದ್ದು ಒಂದರಲ್ಲಿ ಮಾತ್ರ ಹೀಗೆ ಮಾಡಿದರೆ ಅಲ್ಲಿಂದಾಚೆ ತಾಳ ಒಂದು ಕಡೆ, ಮಾತು ಒಂದು ಕಡೆ. ಅದೇ 'ಸ್ಪ್ಲಿಟ್ ಕಟ್' ಅಂತ ಇದೆ, ಕಂಟ್ರೋಲ್ ಆಲ್ಟ್ ಎಕ್ಸ್. ಅದು ತುಂಡನ್ನು ತೆಗೆದು ಜಾಗವನ್ನು ಖಾಲಿ ಬಿಡುತ್ತದೆ. ಮುಂದಿನದೆಲ್ಲ ಇದ್ದಲ್ಲೇ ಇರುತ್ತದೆ. ತಪ್ಪು ಮಾಡಿದರೂ ಎಲ್ಲಿ ಮಾಡಿದ್ದು ಅಂತ ಕಾಣುತ್ತದೆ.

ಇನ್ನೊಂದು, ಇದು ತಂತ್ರದ ಮಾತಲ್ಲ. ಒಬ್ಬರ ಮಾತನ್ನು ಒಂದು ಹೊತ್ತಿನಿಂದ ಎತ್ತಿ ಇನ್ನೊಂದು ಹೊತ್ತಿಗೆ ಅಂಟಿಸಬೇಡಿ. ಬೇಡವಾದ್ದನ್ನು ಬಿಡಬಹುದು, ಉದ್ದವನ್ನು ಗಿಡ್ಡ ಮಾಡಬಹುದು, ಹಾಗೆ ಮಾಡಿದ್ದೇವೆ ಅಂತ ಶುರುವಿನಲ್ಲಿ ಒಂದು ಸಾಲು ಹೇಳಬಹುದು. ಆದರೆ ಅವರು ಆಗ ಹೇಳದ್ದನ್ನು ಆಗ ಹೇಳಿದ್ದಾಗಿ ಮಾಡುವುದು ಸಂಕಲನವಲ್ಲ. ನಾನು ಮಾಡಿದ್ದು ಒಂದೇ ಪದ, ಅದೂ ಅವರದ್ದೇ ಪದ, ಅದೂ ಪ್ರೀತಿಯಿಂದ. ಆದರೂ ಅವರಿಗೆ ಅದು 'ಯಾರು' ಅನ್ನಿಸಿತು. 2023ರಲ್ಲಿ ಮೈಕ್ರೋಸಾಫ್ಟಿನವರು ಮೂರು ಸೆಕೆಂಡಿನ ಮಾದರಿ ಕೊಟ್ಟರೆ ಅದೇ ದನಿಯಲ್ಲಿ ಬೇರೆ ಮಾತಾಡಿಸುವ ಕೃತಕ ಬುದ್ಧಿಯ ಬಗ್ಗೆ ಪ್ರಕಟಿಸಿದರು. ಅದಕ್ಕಾಗಿ ನನ್ನ ಹಾಗೆ ಇನ್ನೊಂದು 'ಕೃಷ್ಣಾ' ಹುಡುಕಿಕೊಂಡು ಹೋಗಬೇಕಾಗಿಯೂ ಇಲ್ಲ. ಇಂಥ ಕಾಲದಲ್ಲಿ ಯಾರೂ ಕೈಯಾಡಿಸದ ಒಂದು ಮೂಲ ಮನೆಯಲ್ಲಿದ್ದರೆ ಅದು ಆಸ್ತಿ.

ಸರಿ, ಮಗನಿಗೆ ಏನು ಕಳಿಸಿದೆ ಅಂತ ಹೇಳಬೇಕಲ್ಲ.

ಉಳಿದಿದ್ದದ್ದು ಆ ಎಂಪಿಥ್ರೀ ಒಂದೇ. ಹೆಡ್‌ಫೋನ್ ಹಾಕಿಕೊಂಡು ಆ ಜಾಗವನ್ನು ಹತ್ತಾರು ಸಲ ಕೇಳಿದೆ. ಬಲಕಿವಿಯಲ್ಲಿ ನಾನು ಅಂಟಿಸಿದ ಗತ್ತಿನ 'ಕೃಷ್ಣಾ'. ಆಮೇಲೆ ಬಲಗಡೆ ತೆಗೆದು ಎಡಕಿವಿ ಮಾತ್ರ ಇಟ್ಟುಕೊಂಡೆ. ಫ್ಯಾನಿನ ಸದ್ದು. ಅದರ ಹಿಂದೆ, ಬಲು ದೂರದಲ್ಲಿ, ಇನ್ನೊಂದು 'ಕೃಷ್ಣಾ'. ಒಡೆದದ್ದು.

ಒಂದೇ ವೇದಿಕೆ, ಹತ್ತಿರ ಹತ್ತಿರದ ಮೈಕು. ಮಾಸ್ಟ್ರ ದನಿ ಕೃಷ್ಣನ ಮೈಕಿಗೂ ತುಸು ಸೋರಿತ್ತು. ನಾನು ಬದಲಾಯಿಸಿದ್ದು ಕರ್ಣನ ಟ್ರ್ಯಾಕನ್ನು ಮಾತ್ರ. ಎಂಪಿಥ್ರೀ ಮಾಡುವಾಗಲೂ ಎಡ ಎಡವಾಗಿಯೇ, ಬಲ ಬಲವಾಗಿಯೇ ಉಳಿದಿತ್ತು. ನನ್ನ ಅಜ್ಞಾನವೇ ಅಷ್ಟನ್ನು ಕಾಪಾಡಿತ್ತು.

ಆ ಎಡಗಡೆಯ ತುಂಡನ್ನು ಹೊಸ ಟ್ರ್ಯಾಕಿಗೆ ನಕಲು ಮಾಡಿ ದನಿ ಏರಿಸಿದೆ. ಫ್ಯಾನಿನ ಸದ್ದೂ ಏರಿತು, ಇರಲಿ. ಅದನ್ನು ತಂದು ಬಲಗಡೆ ಅಂಟಿಸಿ 'ಸರಿ' ಮಾಡೋಣ ಅಂತ ಕೈ ಹೋಯಿತು. ತಡೆದೆ. ಬೇರೆಯೇ ಫೈಲಾಗಿ ಇಟ್ಟೆ. ಹತ್ತು ಸೆಕೆಂಡಿನ ಮೌನ ಹಾಕೋಣವೇ ಅಂತಲೂ ಅನ್ನಿಸಿತು, ಆಡಾಸಿಟಿಯಲ್ಲಿ ಮೌನ ಹುಟ್ಟಿಸುವ ಆಯ್ಕೆಯೇ ಇದೆ. ಹಾಕಿ ಕೇಳಿದೆ. ಸತ್ತ ಮೌನ, ಫ್ಯಾನಿಲ್ಲ, ಸಭೆಯ ಉಸಿರಿಲ್ಲ. ಅದು ಮಾಸ್ಟ್ರು ಕೂತಿದ್ದ ಮೌನ ಅಲ್ಲ. ಉಳಿಸದೆ ಮುಚ್ಚಿದೆ.

ಮಗನಿಗೆ ಎಂಪಿಥ್ರೀ, ಜೊತೆಗೆ ಆ ಸಣ್ಣ ತುಂಡು, ಜೊತೆಗೆ ಎಲ್ಲಿ ಏನು ಮಾಡಿದ್ದೇನೆ ಅಂತ ಒಂದು ಪುಟದ ಕಾಗದ ಕಳಿಸಿದೆ. ಒಂದು ಗಂಟೆಯ ಮೇಲೆ ಆ ಜಾಗ ಬಂದಾಗ ನಿಲ್ಲಿಸು, ಹನ್ನೊಂದರ ತನಕ ಎಣಿಸು, ಆಮೇಲೆ ಈ ತುಂಡನ್ನು ಕೇಳು ಅಂತ ಬರೆದಿದ್ದೆ.

ಎರಡು ದಿನ ಬಿಟ್ಟು ಉತ್ತರ ಬಂತು. "ಮಗ ಎಣಿಸಿದ ಅಂಕಲ್. ಹನ್ನೊಂದು ತುಂಬಾ ಉದ್ದ."

ಹೌದು, ತುಂಬಾ ಉದ್ದ.

ನಿಮ್ಮ ಮನೆಯ ಕಪಾಟಿನಲ್ಲೂ ಒಂದೆರಡು ಕ್ಯಾಸೆಟ್ಟು ಇದ್ದೀತು. ಇಳಿಸಿ, ಕೇಳಿ, ಕತ್ತರಿಸಿ, ಬೇಡ ಅನ್ನಲ್ಲ. ಮೊದಲು ಒಂದು ನಕಲು ಮಾಡಿಟ್ಟುಕೊಳ್ಳಿ. ಏನಂತೀರಾ?